ಹೊಗೆಸೊಪ್ಪು: ಒಬ್ಬ ಡಾಕ್ಟರಿಂದ ನಾವು ಕಲಿಯುವ ಪಾಠ



ಸೊರಬ, ಶಿಕಾರಿಪುರದ ಕಡೆ ಅಡಿಕೆ ಸುಲಿಯಲು ಕೂತರೆ ಪಕ್ಕದಲ್ಲಿ ಎಲೆ, ಸುಣ್ಣ, ಹೊಗೆಸೊಪ್ಪು ಇದ್ದೇ ಇರುತ್ತದೆ. "ಬೀಡಿ ಗಂಡಸರದ್ದು. ನಾವು ಬರೀ ಕವಳ ಹಾಕ್ತೀವಿ, ಅದರಿಂದ ಏನಾಗುತ್ತೆ?" ಅಂತ ಕೇಳುತ್ತೇವೆ. ಜಗಿಯುವ ಹೊಗೆಸೊಪ್ಪಿನಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ಹೊಗೆಸೊಪ್ಪು ಹಾಕದ ಎಲೆ-ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ನಂಬಿ ಬದುಕುವ ನಮಗೆ ಇದು ಕಹಿ ಮಾತು. ಆದರೂ ತಿಳಿದಿರಬೇಕು.

ಡಾ. ಉಪೇಂದ್ರ ಭೋಜಾನಿ ಓದಿದ್ದು ದಂತವೈದ್ಯಕೀಯ. ಆದರೆ ಒಬ್ಬೊಬ್ಬರ ಬಾಯಿ ನೋಡುವ ಕೆಲಸಕ್ಕಿಂತ, ಜನರಿಗೆ ರೋಗ ತರುವ ಕಾರಣ ಹುಡುಕುವ ಕೆಲಸ ಹಿಡಿದರು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯಲ್ಲಿ ಸಂಶೋಧಕರಾದರು. ಕೆ.ಜಿ. ಹಳ್ಳಿಯಲ್ಲಿ ಅವರ ತಂಡ ಸಾವಿರಾರು ಮನೆ ಸುತ್ತಿ, ಸಕ್ಕರೆ ಕಾಯಿಲೆ, ಬಿ.ಪಿ.ಯಂಥ ರೋಗಗಳಿಗೆ ಬಡವರ ಕೈಯಿಂದ ಎಷ್ಟು ಹಣ ಹೋಗುತ್ತದೆ ಎಂದು ಬರೆದುಕೊಂಡಿತು.

2010ರಲ್ಲಿ ಬೆಂಗಳೂರಿನಲ್ಲಿ ತಂಬಾಕು ಕಂಪನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಏರ್ಪಾಡಾಯಿತು. ಕೇಂದ್ರ ಸರ್ಕಾರದ ತಂಬಾಕು ಮಂಡಳಿಯೇ ಅದಕ್ಕೆ ಪ್ರಾಯೋಜಕ! ತಂಬಾಕು ತಡೆಯುತ್ತೇವೆಂದು ಭಾರತ 2004ರಲ್ಲೇ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತ್ತು. ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಪ್ರೋತ್ಸಾಹ ಸರಿಯೇ ಎಂದು ಭೋಜಾನಿಯವರ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಮಂಡಳಿ ಹಿಂದೆ ಸರಿಯಿತು.

ಇದರಿಂದ ನಮಗೇನು ಪಾಠ? ಮೊದಲು ನೋಡು, ಎಣಿಸು, ಬರೆದಿಡು. ಆಮೇಲೆ ಕಾನೂನು ಹಿಡಿದು ಕೇಳು.

ನೆನಪಿಡಿ:
* ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು.
* 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ, ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ.
* ದಿನಕ್ಕೆ 10 ರೂಪಾಯಿ ಹೊಗೆಸೊಪ್ಪಿಗೆ ಹೋದರೆ ವರ್ಷಕ್ಕೆ 3,650 ರೂಪಾಯಿ. ನಮ್ಮ ಉಳಿತಾಯ ಪುಸ್ತಕದಲ್ಲಿ ಅಷ್ಟಿದೆಯೇ?
* ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ: ಯಾವುದೇ ಕಂಡರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ.
* ಬಿಡಬೇಕೆನ್ನುವವರಿಗೆ ಉಚಿತ ಸಹಾಯವಾಣಿ: 1800-11-2356.

ಸಂಘದ ಸಭೆಯಲ್ಲಿ ಚರ್ಚಿಸಿ:
1. ನಮ್ಮಲ್ಲಿ ಎಷ್ಟು ಜನ ಹೊಗೆಸೊಪ್ಪು ಹಾಕುತ್ತೇವೆ? ನಾಚಿಕೆಯಿಲ್ಲದೆ ಕೈ ಎತ್ತೋಣ.
2. ನಮ್ಮೂರ ಶಾಲೆಯಿಂದ ತಂಬಾಕು ಮಾರುವ ಅಂಗಡಿ ಎಷ್ಟು ದೂರ? ಅಳೆದು ಬರೆದು ಪಂಚಾಯಿತಿಗೆ ಕೊಡೋಣವೇ?
3. ಸಂಘದ ಸಾಲದಿಂದ ಅಂಗಡಿ ಇಟ್ಟ ನಮ್ಮ ಸದಸ್ಯೆಯೇ ಅದನ್ನು ಮಾರುತ್ತಿದ್ದರೆ? ಅವಳ ಹೊಟ್ಟೆಪಾಡಿಗೆ ಬೇರೆ ಏನು ದಾರಿ ಮಾಡೋಣ?