ಎರಡು ಪರದೆಗಳ ನಡುವೆ ಕಾಣೆಯಾದ ಕಿಟಕಿ

ಬೀಸುವ ಕಲ್ಲಿನ ಹಾಡುಗಳನ್ನು ಅಭ್ಯಸಿಸುವವರಿಗೆ ಜತ್ತ ತಾಲೂಕಿನ ಪೂರ್ವಭಾಗ ಒಂದು ಅನುಕೂಲವನ್ನೂ ಒಂದು ತೊಡಕನ್ನೂ ಒಡ್ಡುತ್ತದೆ. ಒಂದೇ ಊರಿನಲ್ಲಿ ಕನ್ನಡದ ತ್ರಿಪದಿಯೂ ಮರಾಠಿಯ ಓವಿಯೂ ದೊರೆಯುವುದು ಅನುಕೂಲ. ಎರಡನ್ನೂ ಅಕ್ಕಪಕ್ಕದಲ್ಲಿರಿಸಿಕೊಂಡು ಓದದೆ ಹೋಲಿಕೆ ಸಾಧ್ಯವಾಗದಿರುವುದು ತೊಡಕು. ಆದಕಾರಣ ನಮ್ಮ ವಿಭಾಗದ ವಿದ್ಯಾರ್ಥಿಗಳು ಲ್ಯಾಪ್‌ಟಾಪಿಗೆ ಇನ್ನೊಂದು ಮಾನಿಟರ್ ಜೋಡಿಸಿ, ಒಂದು ಪರದೆಯಲ್ಲಿ ಕನ್ನಡ ಪಾಠವನ್ನೂ ಇನ್ನೊಂದರಲ್ಲಿ ಮರಾಠಿ ಪಾಠವನ್ನೂ ತೆರೆದು ಕೆಲಸ ಮಾಡುತ್ತಾರೆ. ಈ ಪದ್ಧತಿಯನ್ನು ಹೇಳಿಕೊಟ್ಟವನು ನಾನೇ. ಪರದೆ ಬದಲಿಸುವಾಗ ಕಿಟಕಿಗಳನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. (ವಿಂಡೋ ಎಂಬುದನ್ನು ಇಲ್ಲಿ ಕಿಟಕಿ ಎಂದೇ ಕರೆಯುತ್ತೇನೆ. ನಮ್ಮ ಕಡೆಯ ಬಾಯಲ್ಲಿ ಅದು ಕಿಡಕಿ. ಮರಾಠಿಯ ಖಿಡಕೀ ಪಕ್ಕದಲ್ಲೇ ನಿಂತಿದೆ.)

ಅಸಂಗಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹಾಡಿದ ಪದಗಳನ್ನು ಕುರಿತು ಕಿರುಪ್ರಬಂಧ ಸಿದ್ಧಪಡಿಸುತ್ತಿದ್ದಳು. ತರಗತಿಯಲ್ಲಿ ಅದನ್ನು ಪ್ರೊಜೆಕ್ಟರಿನ ಮೂಲಕ ಮಂಡಿಸಿದಳು. ಮಂಡನೆ ಮುಗಿದೊಡನೆ ನಾನು ರಿಮೋಟಿನಿಂದ ಪ್ರೊಜೆಕ್ಟರನ್ನು ಆರಿಸಿದೆ. ಕೇಬಲ್ ಲ್ಯಾಪ್‌ಟಾಪಿನಲ್ಲಿಯೇ ಉಳಿಯಿತು. ಪ್ರಬಂಧದ ಕಿಟಕಿ ಕಣ್ಮರೆಯಾಯಿತು. ಟಾಸ್ಕ್‌ಬಾರಿನಲ್ಲಿ ಅದರ ಚಿಹ್ನೆಯಿದೆ, ಒತ್ತಿದರೆ ಏನೂ ತೋರದು. ಬರೆದದ್ದೆಲ್ಲ ಹೋಯಿತೆಂದು ಗಾಬರಿಯಾದ ಹುಡುಗಿ ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ಅಂದು ಬೆಳಿಗ್ಗೆ ಅಜ್ಜಿಯನ್ನು ಕೇಳಿ ತಿದ್ದಿದ್ದ, ಇನ್ನೂ ಸೇವ್ ಮಾಡಿರದ ಎರಡು ಹಾಡುಗಳ ಪಾಠ ನಿಜವಾಗಿ ಹೋದದ್ದು ಆಗ. ಮರಳಿ ಕೇಳಿದಾಗ ಅಜ್ಜಿ ಮೂರನೆಯ ಸಾಲನ್ನು ಬೇರೆ ಬಗೆಯಲ್ಲಿ ಹಾಡಿದರು. ಮೌಖಿಕ ಸಾಹಿತ್ಯದಲ್ಲಿ ಪ್ರತಿ ಹಾಡುವಿಕೆಯೂ ಒಂದು ಪಾಠಾಂತರವೆಂದು ನಾವು ಬೋಧಿಸುತ್ತೇವೆ. ಆ ಬೆಳಗಿನ ಪಾಠಾಂತರಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಇದರಲ್ಲಿ ಅವಳ ತಪ್ಪಿಗಿಂತ ನನ್ನ ತಪ್ಪೇ ಹೆಚ್ಚು.

ಕಿಟಕಿ ಹೋದದ್ದಾದರೂ ಎಲ್ಲಿಗೆ? ಎರಡು ಪರದೆಗಳನ್ನು ವಿಸ್ತರಿಸಿ ಜೋಡಿಸಿದಾಗ ಗಣಕಯಂತ್ರಕ್ಕೆ ಅವು ಎರಡಲ್ಲ, ಒಂದೇ ಅಗಲವಾದ ಅಂಗಳ. ಮುಖ್ಯ ಪರದೆಯ ಎಡ ಮೇಲ್ಮೂಲೆಯೇ ಸೊನ್ನೆ. ಆ ಪರದೆ 1920 ಪಿಕ್ಸೆಲ್ ಅಗಲವಿದ್ದರೆ, ಬಲಗಡೆಯ ಪರದೆಯ ಎಣಿಕೆ 1920ರಿಂದ ಮುಂದುವರಿಯುತ್ತದೆ. ಎಡಗಡೆ ಜೋಡಿಸಿದರೆ ಋಣಸಂಖ್ಯೆಗಳಲ್ಲಿ ಸಾಗುತ್ತದೆ. ಪ್ರತಿ ಕಿಟಕಿಗೂ ಈ ಅಂಗಳದಲ್ಲಿ ಒಂದು ವಿಳಾಸ. ಕೇಬಲ್ ಕಿತ್ತರೆ ಪರದೆ ಇಲ್ಲವಾಯಿತೆಂದು ವಿಂಡೋಸ್ ಅರಿತು ಕಿಟಕಿಗಳನ್ನು ಉಳಿದ ಪರದೆಗೆ ಕರೆತರುತ್ತದೆ, ಇಲ್ಲವೆ ಟಾಸ್ಕ್‌ಬಾರಿಗೆ ಇಳಿಸುತ್ತದೆ. ದೀಪ ಮಾತ್ರ ಆರಿ ಕೇಬಲ್ ಉಳಿದಾಗ, ಪರದೆ ಇನ್ನೂ ಇದೆಯೆಂದೇ ಅದು ನಂಬಿರುವ ಸಂಭವ ಹೆಚ್ಚು. ಕಿಟಕಿ ತೆರೆದೇ ಇರುತ್ತದೆ, ಕತ್ತಲ ಕೋಣೆಯಲ್ಲಿ.

ಆದ್ದರಿಂದ ಮೊದಲ ಕೆಲಸ, ಗುಂಡಿ ಒತ್ತದಿರುವುದು. ಟಾಸ್ಕ್‌ಬಾರಿನ ಚಿಹ್ನೆಯನ್ನು ಒಮ್ಮೆ ಒತ್ತಿ ಆ ಕಿಟಕಿಯನ್ನು ಆಯ್ದುಕೊಂಡು, ಕಾಣದಿದ್ದರೂ ಕಂಟ್ರೋಲ್ ಮತ್ತು ಎಸ್ ಒತ್ತಿರಿ. ಈ ಮೊದಲು ಹೆಸರು ಕೊಟ್ಟು ಸೇವ್ ಮಾಡಿದ ಕಡತವಾದರೆ ತಿದ್ದುಪಡಿ ಉಳಿಯುತ್ತದೆ. ಬಳಿಕ ವಿಂಡೋಸ್ ಹಾಗೂ ಶಿಫ್ಟ್ ಕೀಲಿಗಳನ್ನು ಹಿಡಿದು ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ಕಿಟಕಿ ಒಂದು ಪರದೆಯಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಅಂದು ಬೇಕಾಗಿದ್ದದ್ದು ಇಷ್ಟೇ. ಇದಕ್ಕೂ ಬಗ್ಗದಿದ್ದರೆ ವಿಂಡೋಸ್ ಕೀಲಿಯೊಡನೆ ಪಿ ಒತ್ತಿ, ಪಿಸಿ ಸ್ಕ್ರೀನ್ ಓನ್ಲಿ ಎಂಬುದನ್ನು ಆರಿಸಿಕೊಳ್ಳಿ. ಅಂಗಳ ಒಂದೇ ಪರದೆಗೆ ಕುಗ್ಗಿ ಕಿಟಕಿಗಳು ಮರಳುತ್ತವೆ. ಪಾಠ ಮುಗಿಸಿದ ಅಧ್ಯಾಪಕರೂ ರಿಮೋಟ್ ಮುಟ್ಟುವ ಮೊದಲು ಇದನ್ನೇ ಮಾಡತಕ್ಕದ್ದು.

ಪ್ರಯೋಗಾಲಯದಲ್ಲಿ ದಿನವೂ ಅದೇ ಮಾನಿಟರಿಗೆ ಜೋಡಿಸುವವರು ಸೆಟ್ಟಿಂಗ್ಸಿನ ಡಿಸ್‌ಪ್ಲೇ ಪುಟಕ್ಕೆ ಒಮ್ಮೆ ಹೋಗಿಬರಬೇಕು. ಮೇಜಿನ ಮೇಲೆ ಮಾನಿಟರ್ ಎಡಕ್ಕಿದ್ದರೆ ಅಲ್ಲಿನ ಚಿತ್ರದಲ್ಲಿಯೂ ಎಡಕ್ಕೇ ಎಳೆದಿಡಿ. ಇಲ್ಲವಾದರೆ ಮೌಸಿನ ಬಾಣ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ವಿಂಡೋಸ್ 11ರಲ್ಲಿ ಮಾನಿಟರಿನ ಜೋಡಣೆಗೆ ಅನುಗುಣವಾಗಿ ಕಿಟಕಿಗಳ ಸ್ಥಾನವನ್ನು ನೆನಪಿಡುವ ಆಯ್ಕೆಯೂ ಆ ಪುಟದಲ್ಲಿದೆ.

ಇನ್ನು ನಮ್ಮಂತಹ ದ್ವಿಭಾಷಿಕರ ಪೀಡೆಯೊಂದು. ಕನ್ನಡದ ಕಿಟಕಿಯಿಂದ ಮರಾಠಿಯ ಕಿಟಕಿಗೆ ಹೊರಳಿದಾಗ ಲಿಪಿ ಹೊರಳದೆ, ಓವಿಯ ನಡುವೆ ಕನ್ನಡಾಕ್ಷರಗಳು ಮೂಡುತ್ತವೆ. ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳಿಂದ ಪ್ರತಿಸಲ ಬದಲಿಸಬಹುದು, ಆದರೆ ಹೋಲಿಸಿ ಓದುವಾಗ ಅದರಿಂದ ಧ್ಯಾನ ಕದಡುತ್ತದೆ. ಕೀಲಿಮಣೆಯ ಅಡ್ವಾನ್ಸ್ಡ್ ಸೆಟ್ಟಿಂಗ್ಸಿನಲ್ಲಿ ಪ್ರತಿ ಕಿಟಕಿಗೂ ಬೇರೆ ಬೇರೆ ಇನ್‌ಪುಟ್ ಇರಲೆಂದು ಗುರುತು ಹಾಕಿದರೆ, ಆಯಾ ಕಿಟಕಿ ತನ್ನ ಲಿಪಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತವರ ಬೆರಳುಗಳಿಗೆ ಹೊಸ ಅಭ್ಯಾಸವೂ ಬೇಡ. ಎರಡೂ ಲಿಪಿಗಳಿಗೆ ಅಲ್ಲಿ ಒಂದೇ ಕ್ರಮ: ಇಂಗ್ಲಿಷಿನ ಕೆ ಇರುವ ಕೀಲಿಯಲ್ಲಿಯೇ ಎರಡು ಭಾಷೆಗಳ ಕಕಾರ, ಶಿಫ್ಟ್ ಹಿಡಿದು ಎನ್ ಒತ್ತಿದಲ್ಲಿ ಎರಡರ ಳಕಾರ.

ವಿದ್ಯಾರ್ಥಿನಿಯ ಕಿರುಪ್ರಬಂಧ ಈಗ ವಿಭಾಗದ ಕಪಾಟಿನಲ್ಲಿದೆ. ಆ ಎರಡು ಹಾಡುಗಳ ಕೆಳಗೆ, ಇದು ಎರಡನೆಯ ಸಲ ಹಾಡಿಸಿಕೊಂಡ ಪಾಠವೆಂದು ಅಡಿಟಿಪ್ಪಣಿ ಬರೆಯಿಸಿದ್ದೇನೆ.