ತೋನ್ಸೆಪಾರ್ ದ್ವೀಪಕ್ಕೆ ಪ್ರಯಾಣ

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೆ ಒಂದು ಪಾಠ)

ನಾಲ್ಕು ಕಡೆಗಳಲ್ಲಿಯೂ ನೀರಿನಿಂದ ಸುತ್ತುವರಿಯಲ್ಪಟ್ಟ ಭೂಭಾಗಕ್ಕೆ ದ್ವೀಪವೆನ್ನುತ್ತಾರೆಂದು ನೀವು ಕೆಳಗಿನ ತರಗತಿಗಳಲ್ಲಿಯೇ ಬಾಯಿಪಾಠ ಮಾಡಿರುವಿರಿ. ಆದರೆ ಬಾಯಿಪಾಠ ಮಾಡಿದವರೆಲ್ಲರೂ ದ್ವೀಪವನ್ನು ಕಂಡವರಲ್ಲ. ಸಿಂಹಳ, ಜಾವಾ, ಮಡಗಾಸ್ಕರಗಳನ್ನು ನಕ್ಷೆಯಲ್ಲಿ ತಡವಿಲ್ಲದೆ ತೋರಿಸಬಲ್ಲ ಹುಡುಗಿಯು, ಬೆಳ್ಮಣ್ಣಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಒಂದು ದ್ವೀಪವುಂಟೆಂಬದನ್ನು ಅರಿಯದೆ ಇರಬಹುದು. ಅದು ಮಲ್ಪೆಯ ಎದುರಿನ ಕಡಲಿನಲ್ಲಿರುವ ಸಂತ ಮೇರಿ ದ್ವೀಪ. ನಮ್ಮ ಕಡೆಯ ಜನರು ಇದನ್ನು ತೋನ್ಸೆಪಾರ್ ಎಂದು ಕರೆಯುತ್ತಾರೆ.

ಈ ಪ್ರಯಾಣದ ವಿಷಯದಲ್ಲಿ ಎರಡು ವಿಧದ ಜನರನ್ನು ಕಾಣುತ್ತೇವೆ. ಹೆಣ್ಣುಮಕ್ಕಳಿಗೆ ಕಡಲೇಕೆ, ದೋಣಿಯೇಕೆ ಎಂದು ಹೆದರಿ ತಡೆಯುವವರು ಒಂದು ವಿಧ. ಏನನ್ನೂ ವಿಚಾರಿಸದೆ ಹೊರಟು, ಸಿಕ್ಕಿದಲ್ಲಿ ನೀರಿಗಿಳಿಯುವವರು ಇನ್ನೊಂದು ವಿಧ. ಇವೆರಡೂ ಅಜ್ಞಾನದ ಮಕ್ಕಳೇ. ತಿಳಿದು ಹೋಗಿ, ತಿಳಿದುಕೊಂಡು ಕ್ಷೇಮವಾಗಿ ಹಿಂದಿರುಗುವದೇ ಸರಿಯಾದ ಮಾರ್ಗ. ಈ ಪಾಠದ ಉದ್ದೇಶವೂ ಅಷ್ಟೇ.

೧. ನೆಲದ ದಾರಿ

ಬೆಳ್ಮಣ್ಣಿನಿಂದ ಮಲ್ಪೆಗೆ ಹೋಗಲು ಎರಡು ದಾರಿಗಳುಂಟು. ಒಂದು, ಕಾರ್ಕಳದಿಂದ ಬರುವ ಮಾರ್ಗವನ್ನು ಹಿಡಿದು ಪಶ್ಚಿಮಕ್ಕೆ ಪಡುಬಿದ್ರಿಗೆ ಹೋಗಿ, ಅಲ್ಲಿ ೬೬ನೆಯ ನಂಬ್ರದ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರಗಳ ಮೂಲಕ ಉಡುಪಿಗೆ ತಲಪುವದು. ಇನ್ನೊಂದು, ಶಿರ್ವದ ಮೇಲೆ ಹಾದು ಕಟಪಾಡಿಯಲ್ಲಿ ಅದೇ ಹೆದ್ದಾರಿಗೆ ಇಳಿಯುವದು. ಮೊದಲನೆಯ ದಾರಿಯಲ್ಲಿ ಹೋಗುವವರಿಗೆ, ಕಾಪುವಿನ ಕಡಲ ದಡದ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವನ್ನು ಸ್ವಲ್ಪ ಪಶ್ಚಿಮಕ್ಕೆ ತಿರುಗಿ ನೋಡಿ ಬರುವ ಅವಕಾಶವಿದೆ. ಉಡುಪಿಯಿಂದ ಮಲ್ಪೆಯು ಸುಮಾರು ೬ ಕಿಲೋಮೀಟರು, ಬಸ್ಸುಗಳು ಅನೇಕ.

ದಾರಿಯಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಉದ್ಯಾವರದ ಸೇತುವೆಯ ಕೆಳಗೆ ಹರಿಯುವ ಹೊಳೆಯು ನೆಟ್ಟಗೆ ಕಡಲನ್ನು ಸೇರದೆ, ಮರಳ ದಿಣ್ಣೆಯೊಂದು ಅಡ್ಡವಾಗಿರುವದರಿಂದ ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಮಲ್ಪೆಯಲ್ಲಿ ಸಮುದ್ರವನ್ನು ಕೂಡುತ್ತದೆ. ಆ ಅಳಿವೆಯೇ ಮಲ್ಪೆಯ ಬಂದರಕ್ಕೆ ಆಶ್ರಯ.

೨. ಕಡಲ ದಾರಿ

ಮಲ್ಪೆಯ ಬಂದರದಿಂದ ದ್ವೀಪಕ್ಕೆ ಸುಮಾರು ೬ ಕಿಲೋಮೀಟರು. ಯಂತ್ರದ ದೋಣಿಯಲ್ಲಿ ಹೆಚ್ಚುಕಡಿಮೆ ಅರ್ಧ ತಾಸಿನ ಪ್ರಯಾಣ. ತಕ್ಕಷ್ಟು ಜನರು ಕೂಡಿದ ಮೇಲೆ ದೊಡ್ಡ ದೋಣಿಯನ್ನು ಬಿಡುವದು ವಾಡಿಕೆ. ಆದುದರಿಂದ ಒಂದು ತರಗತಿಯಷ್ಟು ಮಂದಿ ಒಟ್ಟಾಗಿ ಹೋದರೆ ಕಾಯುವ ಕಷ್ಟವು ತಪ್ಪುವದು. ದ್ವೀಪದ ಸುತ್ತಲೂ ನೀರಿನಡಿಯಲ್ಲಿ ಬಂಡೆಗಳಿರುವದರಿಂದ, ಕೆಲವು ವೇಳೆ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕಾಗುತ್ತದೆ. ಆಗ ಒಬ್ಬರಾದ ಮೇಲೆ ಒಬ್ಬರು, ಎರಡು ಕೈಗಳನ್ನೂ ಖಾಲಿಯಾಗಿಟ್ಟುಕೊಂಡು ಇಳಿಯತಕ್ಕದ್ದು. ಜೀವರಕ್ಷಕ ಅಂಗಿಯನ್ನು ದೋಣಿ ಹತ್ತುವ ಮೊದಲೇ ತೊಟ್ಟು ಬಿಗಿದುಕೊಳ್ಳತಕ್ಕದ್ದು. ಅಪಾಯ ಬಂದಾಗ ತೊಡುವೆನೆಂದರೆ ಆಗ ಸಮಯವಿರಲಾರದು.

ಯಾವಾಗ ಹೋಗಬೇಕೆಂಬದನ್ನು ಕಡಲೇ ನಿರ್ಣಯಿಸುತ್ತದೆ. ಮಳೆಗಾಲದಲ್ಲಿ ನೈರುತ್ಯ ಮಾರುತವು ಎಬ್ಬಿಸುವ ತೆರೆಗಳ ನಿಮಿತ್ತ ದ್ವೀಪಕ್ಕೆ ದೋಣಿಗಳು ಹೋಗುವದಿಲ್ಲ. ಕಡಲನ್ನೇ ಮನೆಯಾಗಿ ಮಾಡಿಕೊಂಡ ಮೊಗವೀರರ ಯಂತ್ರದ ದೋಣಿಗಳು ಸಹ ಜೂನ್ ೧ರಿಂದ ಜುಲೈ ೩೧ರ ವರೆಗೆ ದಡದಲ್ಲಿಯೇ ಇರುತ್ತವೆ. ಅದು ಮೀನುಗಳು ಮರಿಮಾಡುವ ಕಾಲವೂ ಹೌದು. ದಶಂಬರದಿಂದ ಫೆಬ್ರವರಿಯ ವರೆಗಿನ ತಿಂಗಳುಗಳು ಪ್ರಯಾಣಕ್ಕೆ ಉತ್ತಮವಾದವು.

ದಿನದಲ್ಲಿಯಾದರೆ ಪ್ರಾತಃಕಾಲವೇ ಲೇಸು. ಇದಕ್ಕೆ ಕಾರಣವನ್ನು ನಿಮ್ಮ ಭೂಗೋಲ ಪಾಠದಲ್ಲಿಯೇ ಕಾಣಬಹುದು. ರಾತ್ರಿಯಲ್ಲಿ ನೆಲವು ನೀರಿಗಿಂತ ಬೇಗನೆ ತಣಿಯುವದರಿಂದ ಬೆಳಗಿನ ಜಾವದಲ್ಲಿ ಗಾಳಿಯು ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ, ತೆರೆಗಳು ಶಾಂತವಾಗಿರುತ್ತವೆ. ಬಿಸಿಲೇರಿದ ಹಾಗೆ ನೆಲವು ಕಾದು, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬಲವಾದ ಗಾಳಿಯು ಹೊರಡುತ್ತದೆ, ತೆರೆಗಳು ಏಳುತ್ತವೆ. ಹೀಗಿರುವದರಿಂದ ಬೇಗ ಹೋದವರು ಬೇಗ ಹಿಂದಿರುಗುವದು ಬುದ್ಧಿವಂತಿಕೆ.

ಏರಿಳಿತದ ಲೆಕ್ಕವನ್ನೂ ಮರೆಯಬಾರದು. ಕಡಲು ದಿನಕ್ಕೆ ಎರಡಾವರ್ತಿ ಏರಿ ಎರಡಾವರ್ತಿ ಇಳಿಯುತ್ತದೆ. ಈ ಕಾಲವು ಪ್ರತಿದಿನವೂ ಸುಮಾರು ೫೦ ನಿಮಿಷಗಳಷ್ಟು ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಏರಿಳಿತವು ಹೆಚ್ಚು. ನಮ್ಮ ಕರಾವಳಿಯಲ್ಲಿ ಇದು ಆಳೆತ್ತರವನ್ನು ಮುಟ್ಟುವಂಥದ್ದಲ್ಲ; ಆದರೂ ಇಳಿತದಲ್ಲಿ ಒಣಗಿದ್ದ ಬಂಡೆಯು ಏರಿತದಲ್ಲಿ ನೀರಿನ ಕೆಳಗೆ ಹೋಗಲು ಅಷ್ಟೇ ಸಾಕು.

೩. ದ್ವೀಪದ ಕಲ್ಲುಗಳು

ಸಂತ ಮೇರಿ ದ್ವೀಪವೆಂದರೆ ಒಂದೇ ದ್ವೀಪವಲ್ಲ; ಕರಾವಳಿಗೆ ಸಮಾನಾಂತರವಾಗಿ ಉತ್ತರದಿಂದ ದಕ್ಷಿಣಕ್ಕೆ ಬಿದ್ದಿರುವ ಒಂದು ಸಾಲು. ಅವುಗಳಲ್ಲಿ ದೊಡ್ಡವು ನಾಲ್ಕು: ಉತ್ತರ ದ್ವೀಪ, ದರಿಯಾಬಹಾದ್ದೂರಗಡ, ತೆಂಗಿನ ದ್ವೀಪ, ದಕ್ಷಿಣ ದ್ವೀಪ. ದರಿಯಾಬಹಾದ್ದೂರಗಡದಲ್ಲಿ ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದ ಕೋಟೆಯಿತ್ತು. ಪ್ರವಾಸಿಗಳು ಇಳಿಯುವದು ತೆಂಗಿನ ದ್ವೀಪದಲ್ಲಿ. ಇದರ ಉದ್ದವು ಸುಮಾರು ೫೦೦ ಮೀಟರು, ಅಗಲವು ಹೆಚ್ಚೆಂದರೆ ೧೦೦ ಮೀಟರು. ಇಲ್ಲಿ ಮನುಷ್ಯರ ವಸತಿಯಿಲ್ಲ, ವಾಹನವೂ ಇಲ್ಲ, ತಿರುಗಾಟವೆಲ್ಲ ಕಾಲ್ನಡಿಗೆಯಿಂದಲೇ.

ಇಳಿದ ಕೂಡಲೇ ಕಣ್ಣಿಗೆ ಬೀಳುವವು ಕಲ್ಲಿನ ಕಂಬಗಳು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಏಳು, ಬಹಳವಕ್ಕೆ ಆರು. ಸೀಸದ ಕಡ್ಡಿಗಳ ದೊಡ್ಡ ಕಟ್ಟೊಂದನ್ನು ನಿಲ್ಲಿಸಿದ ಹಾಗೆ ತೋರುವ ಇವುಗಳಲ್ಲಿ ಎತ್ತರವಾದವು ಸುಮಾರು ೬ ಮೀಟರಿನಷ್ಟಿವೆ. ನೋಡಿದವರು ಯಾವ ರಾಜನು ಕೆತ್ತಿಸಿದನೆಂದು ಕೇಳುವದುಂಟು. ಕೆತ್ತಿದವರು ಯಾರೂ ಇಲ್ಲ. ಸುಗ್ಗಿಯ ಬೆಳೆ ಕೊಯ್ದ ಮೇಲೆ ಬಿಸಿಲಿಗೆ ಒಣಗಿ ಬಿರಿದ ನಿಮ್ಮ ಗದ್ದೆಯ ಕೆಸರನ್ನು ನೆನಪಿಗೆ ತಂದುಕೊಳ್ಳಿರಿ. ನೀರು ಆರಿದಾಗ ಕೆಸರು ಕುಗ್ಗುತ್ತದೆ. ಕುಗ್ಗಿದಾಗ ಬಿರುಕುಗಳು ಹುಟ್ಟಿ ಒಂದನ್ನೊಂದು ಕೂಡಿ ಮೂಲೆಗಳುಳ್ಳ ತುಂಡುಗಳಾಗುತ್ತವೆ. ಭೂಗರ್ಭದಿಂದ ಉಕ್ಕಿ ಹರಿದ ಕಲ್ಲಿನ ರಸವು ತಣಿಯುವಾಗಲೂ ಹಾಗೆಯೇ. ಮೇಲೆ ಹುಟ್ಟಿದ ಬಿರುಕು, ರಸವು ಒಳಗೊಳಗೆ ತಣಿದ ಹಾಗೆಲ್ಲ ಕೆಳಗೆ ಇಳಿಯುತ್ತ ಹೋಗಿ, ಕಂಬಗಳು ಬೇರ್ಪಟ್ಟವು. ಐರ್ಲೆಂಡ್ ದೇಶದ ಉತ್ತರ ತೀರದಲ್ಲಿಯೂ ಇಂಥ ಪ್ರಸಿದ್ಧವಾದ ಕಂಬಗಳಿವೆ.

ಈ ಕಲ್ಲನ್ನು ಬಸಾಲ್ಟ್ ಎಂದು ಹೇಳುವದು ರೂಢಿಯಾಗಿದೆ. ಆದರೆ ಭೂವಿಜ್ಞಾನಿಗಳು ಪರೀಕ್ಷಿಸಿದಾಗ, ಬಸಾಲ್ಟಿಗಿಂತ ಹೆಚ್ಚು ಸಿಲಿಕವುಳ್ಳ ರಯೊಲೈಟ್, ಡೇಸೈಟ್ ಎಂಬ ಜಾತಿಗೆ ಇದು ಸೇರಿದ್ದೆಂದು ಕಂಡುಬಂದಿದೆ. ಇದರ ಪ್ರಾಯ ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಹಾರಾಷ್ಟ್ರವನ್ನು ಮುಚ್ಚಿರುವ ದಖ್ಖಣದ ಕಪ್ಪುಕಲ್ಲು ಸುಮಾರು ಆರೂವರೆ ಕೋಟಿ ವರ್ಷದ್ದು. ನಮ್ಮ ದ್ವೀಪವು ಅದಕ್ಕೂ ಹಿರಿಯದು. ಆ ಕಾಲದಲ್ಲಿ ಮಡಗಾಸ್ಕರವು ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡಿತ್ತು. ಎರಡೂ ಬಿರಿದು ದೂರವಾದಾಗ ಈ ಕಲ್ಲಿನ ರಸವು ಉಕ್ಕಿತು. ಅದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರದಲ್ಲಿಯೂ ಇವೆ. ನಕ್ಷೆಯಲ್ಲಿ ಸಾವಿರಾರು ಮೈಲು ದೂರದಲ್ಲಿ ನೀವು ತೋರಿಸುವ ಆ ದ್ವೀಪವು ಒಮ್ಮೆ ಮಲ್ಪೆಯ ನೆರೆಯದಾಗಿತ್ತೆಂಬದಕ್ಕೆ ಈ ಕಂಬಗಳೇ ಸಾಕ್ಷಿ. ಭಾರತದ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವದಕ್ಕೆ ಕಾರಣವಿದೆ.

೪. ಹೆಸರಿನ ಕಥೆ

ಪೋರ್ತುಗೀಜರ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬರುವ ಮೊದಲು ಇಲ್ಲಿ ಇಳಿದು ಈ ಹೆಸರನ್ನಿಟ್ಟನೆಂದು ಸಾಧಾರಣವಾಗಿ ಹೇಳುವರು. ಆದರೆ ಆ ಹಡಗುಗಳಲ್ಲಿದ್ದವನೊಬ್ಬನು ಬರೆದಿಟ್ಟ ದಿನಚರಿಯ ಪ್ರಕಾರ ಕ್ರಮವು ಬೇರೆ. ೧೪೯೮ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಸೇರಿದ ಅವರು ಅಗೋಸ್ತ ತಿಂಗಳ ಕೊನೆಯಲ್ಲಿ ಅಲ್ಲಿಂದ ಹೊರಟು, ಸಪ್ಟಂಬರದಲ್ಲಿ ತೀರದ ಹತ್ತಿರದ ಚಿಕ್ಕ ದ್ವೀಪವೊಂದರಲ್ಲಿ ಸಂತ ಮೇರಿಯ ಹೆಸರಿನಿಂದ ಕಲ್ಲಿನ ಸ್ತಂಭವನ್ನು ನೆಟ್ಟರು. ಅಂದರೆ ಹೆಸರಿಟ್ಟದ್ದು ಹಿಂದಿರುಗುವ ದಾರಿಯಲ್ಲಿ. ಆ ದ್ವೀಪವು ಇದೇ ಎಂದು ಗುರುತಿಸುತ್ತ ಬಂದಿರುವರು. ಆದರೆ ತೆಂಗಿನ ಮರಗಳನ್ನು ಕಡಲಿನಿಂದಲೇ ಗುರುತು ಹಿಡಿದು ಬಲೆ ಬೀಸಿದ ನಮ್ಮ ತೀರದವರು ಆ ಹಡಗುಗಳಿಗೆ ಮುಂಚೆಯೇ ಈ ಬಂಡೆಗಳನ್ನು ಬಲ್ಲವರಾಗಿದ್ದರೆಂಬದನ್ನೂ ನೆನಪಿಡಿರಿ.

೫. ದ್ವೀಪದಲ್ಲಿ ನಡೆದುಕೊಳ್ಳತಕ್ಕ ಕ್ರಮ

೨೦೨೨ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಈ ದ್ವೀಪದ ಬಳಿಯಲ್ಲಿ ಮುಳುಗಿ ತೀರಿಕೊಂಡರು. ಅವರೂ ನಿಮ್ಮ ಹಾಗೆಯೇ ನಗುತ್ತ ಮನೆಯಿಂದ ಹೊರಟವರು. ಇದನ್ನು ಬರೆಯುವದು ನಿಮ್ಮನ್ನು ಹೆದರಿಸುವದಕ್ಕಲ್ಲ. ಕೆಳಗಿನ ಮಾತುಗಳನ್ನು ಓದಿ ಮರೆಯದೆ ಇರುವದಕ್ಕೆ.

ತೆರೆ ತಾಗುವ ಬಂಡೆಗಳ ಮೇಲೆ ಪಾಚಿಯಿರುತ್ತದೆ, ಅಲ್ಲಿ ಕಾಲಿಡಬಾರದು. ಒದ್ದೆಯಾದ ಬಂಡೆಯೆಂದರೆ ತೆರೆ ಬಂದು ಹೋದ ಬಂಡೆ, ಇನ್ನೊಮ್ಮೆ ಬರುವ ಬಂಡೆ. ಕಡಲಿಗೆ ಬೆನ್ನು ಮಾಡಿ ಚಿತ್ರ ತೆಗೆಯಿಸಿಕೊಳ್ಳಲು ನಿಲ್ಲಬಾರದು. ಗುರುತುಮಾಡಿ ತೋರಿಸಿದ ಸ್ಥಳದ ಹೊರತು ಬೇರೆ ಕಡೆ ನೀರಿಗಿಳಿಯಬಾರದು. ಈಜು ಬಲ್ಲವಳಿಗೂ ಕೆರೆಯ ನೀರು ಬೇರೆ, ಬಂಡೆಗಳ ನಡುವಿನ ಕಡಲು ಬೇರೆ. ಗೆಳತಿಯು ಜಾರಿ ಬಿದ್ದರೆ ಹಿಂದೆಯೇ ಹಾರದೆ, ಕೂಗಿ ಕಾವಲುಗಾರರನ್ನು ಕರೆದು, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು. ಇಬ್ಬಿಬ್ಬರಾಗಿ ನಡೆಯಿರಿ; ಹೋಗುವಾಗ ಎಣಿಸಿದ ತಲೆಗಳನ್ನು ದೋಣಿ ಹತ್ತುವ ಮುಂಚೆ ಮತ್ತೆ ಎಣಿಸಿರಿ.

ಕುಡಿಯುವ ನೀರು, ಬುತ್ತಿ, ಬಿಸಿಲಿಗೆ ಕೊಡೆ, ಹಿಡಿತವುಳ್ಳ ಪಾದರಕ್ಷೆ ಇವುಗಳನ್ನು ಕೊಂಡು ಹೋಗತಕ್ಕದ್ದು. ಒಯ್ದದ್ದೆಲ್ಲವೂ ಹಿಂದಕ್ಕೆ ಬರತಕ್ಕದ್ದು. ಕಂಬಗಳ ಮೇಲೆ ಹೆಸರು ಕೊರೆಯುವದು, ಚೀಲ ತುಂಬ ಚಿಪ್ಪುಗಳನ್ನು ಬಾಚುವದು ಸಲ್ಲದು. ಕೋಟಿಗಟ್ಟಲೆ ವರ್ಷಗಳಿಂದ ಉಳಿದದ್ದು ನಮ್ಮ ಒಂದು ದಿನದ ಸಂತೋಷಕ್ಕಾಗಿ ಕೆಡಬಾರದು.

೬. ದೂರದ ದ್ವೀಪಗಳು

ಹತ್ತಿರದ ದ್ವೀಪವನ್ನು ಅರಿತವಳು ದೂರದ್ದನ್ನು ಅರಿಯುವದು ಸುಲಭ. ಇದೇ ಅರಬ್ಬೀ ಸಮುದ್ರದಲ್ಲಿ ಇನ್ನೂ ಪಶ್ಚಿಮಕ್ಕೆ ಲಕ್ಷದ್ವೀಪಗಳಿವೆ. ಅವು ಹವಳದ ಹುಳುಗಳು ಕಟ್ಟಿದವು, ಕಲ್ಲಿನ ರಸದಿಂದಾದವಲ್ಲ. ಅವುಗಳಲ್ಲಿ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ೧೯೫೬ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಜನರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಈಗ ಅಲ್ಲಿಗೆ ಹೋಗುವವರು ಮೊದಲು ಅನುಮತಿಪತ್ರವನ್ನು ಪಡೆದು, ಕೊಚ್ಚಿಯಿಂದ ಹಡಗಿನಲ್ಲಾಗಲಿ ಅಗತ್ತಿಗೆ ವಿಮಾನದಲ್ಲಾಗಲಿ ಹೋಗಬೇಕು.

ಅಭ್ಯಾಸ

೧. ಬೆಳಿಗ್ಗೆ ಕಡಲು ಶಾಂತವಾಗಿಯೂ ಮಧ್ಯಾಹ್ನದ ಮೇಲೆ ತೆರೆಗಳುಳ್ಳದ್ದಾಗಿಯೂ ಇರುವದೇಕೆ?
೨. ಈ ದಿನ ಬೆಳಿಗ್ಗೆ ೮ ಘಂಟೆಗೆ ಏರಿತವಾದರೆ, ನಾಲ್ಕು ದಿನಗಳ ಮೇಲೆ ಸುಮಾರು ಎಷ್ಟು ಘಂಟೆಗೆ ಆಗುವದು?
೩. ಗದ್ದೆಯ ಬಿರುಕಿಗೂ ದ್ವೀಪದ ಕಂಬಕ್ಕೂ ಇರುವ ಹೋಲಿಕೆಯೇನು? ವ್ಯತ್ಯಾಸವೇನು?
೪. ನಿಮ್ಮ ಮನೆಯಿಂದ ತೋನ್ಸೆಪಾರಿನ ವರೆಗಿನ ದಾರಿಯ ನಕ್ಷೆಯನ್ನು ಬರೆದು, ಹೊಳೆಯನ್ನೂ ಬಂದರವನ್ನೂ ಗುರುತಿಸಿರಿ.
೫. ಕಡಲ ಪ್ರಯಾಣಕ್ಕೆ ಕಳುಹಿಸಲು ಹೆದರುವ ತಾಯಿಗೆ ಮಗಳು ಬರೆಯುವ ಪತ್ರವೊಂದನ್ನು ರಚಿಸಿರಿ. ಅದರಲ್ಲಿ ಬೇಡಿಕೆಗಿಂತ ತಿಳುವಳಿಕೆಯು ಹೆಚ್ಚಾಗಿರಲಿ.