ತಣ್ಣೀರ ಕಡಲು, ಬಂದರಿನ ಗೋಡೆ ಮತ್ತು ಅಲೆಯಾಟ

“ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು” ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ಕಾವೇರಿ, ತುಂಗೆ, ನೇತ್ರಾವತಿಗಳಲ್ಲಿ ಮಿಂದು ಬೆಳೆದ ಜನರ ಅನುಭವದಿಂದ ಹುಟ್ಟಿದ ಮಾತು ಅದು. ಮೊದಲ ಮುಳುಗಿನ ನಡುಕವೊಂದು ಕಳೆದರೆ ಅನಂತರ ಹಿತವೇ. ಆದರೆ ಉತ್ತರ ಯುರೋಪಿನ ಕಡಲಿಗೆ ಈ ಗಾದೆ ಸಲ್ಲದು. ಅಲ್ಲಿ ನೀರಿಗಿಳಿದ ಮೇಲೆಯೇ ಚಳಿಯ ಕೆಲಸ ಆರಂಭವಾಗುತ್ತದೆ.

ನಮ್ಮ ಸಂಘದ ಸದಸ್ಯೆಯೊಬ್ಬರ ಮಗ ಉನ್ನತ ವ್ಯಾಸಂಗಕ್ಕಾಗಿ ನೆದರ್ಲೆಂಡ್ಸ್‌ಗೆ ಹೋಗಿದ್ದಾನೆ. ಅಲ್ಲಿನ ಗೆಳೆಯರೊಡನೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯೇರುವ ಆಟ, ಕಲಿಯತೊಡಗಿದ್ದಾನಂತೆ. “ಡಾಕ್ಟರೇ, ನಮ್ಮ ಹುಡುಗ ಚೆನ್ನಾಗಿ ಈಜಬಲ್ಲ. ಹೆದರುವುದಕ್ಕೇನೂ ಕಾರಣವಿಲ್ಲವಷ್ಟೆ?” ಎಂದು ಆ ತಾಯಿ ಕೇಳಿದರು. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ಕುಟುಂಬಗಳು ನಮ್ಮಲ್ಲಿ ಅನೇಕವಿರುವುದರಿಂದ, ಅವರೊಬ್ಬರಿಗೆ ಕೊಡಬೇಕಾದ ಉತ್ತರವನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ಸ್ಥಳದ ಪರಿಚಯ

ಆಮ್‌ಸ್ಟರ್‌ಡಾಮಿನ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಉತ್ತರ ಸಮುದ್ರದ ದಡದಲ್ಲಿ ಐಮೌಡನ್ ಎಂಬ ಬಂದರು ಇದೆ. 1876ರಲ್ಲಿ ತೆರೆಯಲಾದ ಕಾಲುವೆಯೊಂದು ಆಮ್‌ಸ್ಟರ್‌ಡಾಮ್ ನಗರವನ್ನು ಇಲ್ಲಿ ಕಡಲಿಗೆ ಜೋಡಿಸುತ್ತದೆ. 2022ರಲ್ಲಿ ಆರಂಭವಾದ ಇಲ್ಲಿನ ಹೊಸ ಜಲದ್ವಾರವು 500 ಮೀಟರ್ ಉದ್ದ, 70 ಮೀಟರ್ ಅಗಲವಿದ್ದು, ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದೆ. ಬಂದರಿನ ಉತ್ತರಕ್ಕೆ 1918ರಲ್ಲಿ ಸ್ಥಾಪಿತವಾದ ಸಂಸ್ಥೆಯ ಉಕ್ಕಿನ ಕಾರ್ಖಾನೆ. 2007ರಿಂದ ಅದು ನಮ್ಮ ಮುಂಬಯಿಯ ಟಾಟಾ ಸಮೂಹಕ್ಕೆ ಸೇರಿದೆ. ಕಾರ್ಖಾನೆಯ ಪಕ್ಕದಲ್ಲೇ ವೈಕ್ ಆನ್ ಝೇ ಎಂಬ ಹಳ್ಳಿ. ಚದುರಂಗಪ್ರಿಯರಿಗೆ ಈ ಹೆಸರು ಹೊಸದಲ್ಲ. ವಿಶ್ವನಾಥನ್ ಆನಂದ್ ಐದು ಬಾರಿ, 2025ರಲ್ಲಿ ಪ್ರಜ್ಞಾನಂದ ಪ್ರಶಸ್ತಿ ಗಳಿಸಿದ ಪಂದ್ಯಾವಳಿ ನಡೆಯುವುದು ಇಲ್ಲಿಯೇ.

ಈ ಹಳ್ಳಿಯ ಮರಳ ದಂಡೆಯಲ್ಲಿ, ಒಂದು ಕಡೆ ಕುಲುಮೆಗಳ ಚಿಮಣಿ, ಇನ್ನೊಂದು ಕಡೆ ಬಂದರಿನ ಉದ್ದವಾದ ಅಲೆತಡೆ ಗೋಡೆ, ಇವುಗಳ ನಡುವೆ ವರ್ಷವಿಡೀ ಅಲೆಯಾಟಗಾರರು ಕಾಣಸಿಗುತ್ತಾರೆ. ಇಷ್ಟೊಂದು ನಿರ್ಮಲವಾದ ಕಡಲತೀರ ಬೇರೆಡೆ ಇರುವಾಗ ಇವರು ಇಲ್ಲಿಗೇಕೆ ಬರುತ್ತಾರೆ? ಉತ್ತರ ಆ ಗೋಡೆಯಲ್ಲಿದೆ.

ಗೋಡೆ ಕೊಡುವುದು, ಗೋಡೆ ಕಸಿದುಕೊಳ್ಳುವುದು

ಅಲೆಯು ತನ್ನ ಎತ್ತರಕ್ಕಿಂತ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಮುರಿದು ಬೀಳುತ್ತದೆ. ಬಂಡೆಯಿಲ್ಲದ ಮರಳ ದಂಡೆಯಲ್ಲಿ ಅದು ಎಲ್ಲಿ ಮುರಿಯಬೇಕೆಂಬುದನ್ನು ನೀರಿನಡಿಯ ಮರಳ ದಿಬ್ಬಗಳು ನಿರ್ಧರಿಸುತ್ತವೆ. ಈ ದಿಬ್ಬಗಳು ಸ್ಥಿರವಲ್ಲ. ಒಂದು ಬಿರುಗಾಳಿ ಬೀಸಿದರೆ ಜಾಗ ಬದಲಿಸುತ್ತವೆ. ದಡದುದ್ದಕ್ಕೂ ಸಾಗುವ ಮರಳನ್ನು ಬಂದರಿನ ಗೋಡೆ ತಡೆದು ನಿಲ್ಲಿಸುತ್ತದೆ. ಆ ದೇಶದಲ್ಲಿ ಹೆಚ್ಚಾಗಿ ಬೀಸುವ ನೈಋತ್ಯದ ಗಾಳಿಗೂ ಅದು ಮರೆಯಾಗುತ್ತದೆ. ಆದ್ದರಿಂದ ಬೇರೆಲ್ಲ ಕಡೆ ಕಡಲು ಕದಡಿಹೋಗಿರುವಾಗಲೂ ಗೋಡೆಯ ಬದಿಯಲ್ಲಿ ಅಲೆಗಳು ಸಾಲಾಗಿ, ಅಚ್ಚುಕಟ್ಟಾಗಿ ಬರುತ್ತವೆ. ಇದು ಗೋಡೆಯ ಕೊಡುಗೆ.

ಆದರೆ ದಡಕ್ಕೆ ನುಗ್ಗಿಬಂದ ನೀರು ಹಿಂದಿರುಗಲೇಬೇಕಲ್ಲವೆ? ಅದು ಗೋಡೆಗೆ ತಾಗಿ, ಗೋಡೆಯ ಮಗ್ಗುಲಲ್ಲೇ ಕಿರಿದಾದ ಹೊಳೆಯಂತೆ ಒಳಗಡಲಿಗೆ ಹರಿಯುತ್ತದೆ. ಇದೇ ಹಿಮ್ಮುಖ ಸೆಳವು. ನುರಿತವರು ಹಲಗೆಯ ಮೇಲೆ ಮಲಗಿ, ಈ ಸೆಳವನ್ನೇ ಬಾಡಿಗೆಯಿಲ್ಲದ ಬಂಡಿಯಾಗಿ ಬಳಸಿಕೊಂಡು ಆಳದ ಕಡೆಗೆ ಸಾಗುತ್ತಾರೆ. ಅರಿಯದವನಿಗೆ ಅದೇ ಮೃತ್ಯುವಿನ ದಾರಿ. ಪ್ರಬಲವಾದ ಸೆಳವು ಸೆಕೆಂಡಿಗೆ 2 ಮೀಟರ್ ವೇಗವನ್ನೂ ಮುಟ್ಟಬಲ್ಲದು; ಒಲಿಂಪಿಕ್ ಈಜುಗಾರನೂ ಅದಕ್ಕೆದುರಾಗಿ ಬಹುಕಾಲ ಈಜಲಾರ. ಆದ್ದರಿಂದ ಸೆಳವಿಗೆ ಸಿಕ್ಕವನು ಎದುರೀಜಬಾರದು. ಗೋಡೆಯಿಂದ ದೂರವಾಗುವ ದಿಕ್ಕಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ, ಒಂದು ಕೈ ಮೇಲೆತ್ತಿ ನೆರವು ಕೇಳಬೇಕು. ಹಲಗೆಯನ್ನು ಎಂದೂ ಕೈಬಿಡಬಾರದು. ಅದೇ ಅವನ ದೋಣಿ.

ಚಳಿಯ ಮೂರು ಹಂತಗಳು

ತಣ್ಣೀರಿನಲ್ಲಿ ಸಾಯುವವರು ಹೆಪ್ಪುಗಟ್ಟಿ ಸಾಯುತ್ತಾರೆಂಬುದು ಸಾಮಾನ್ಯ ತಿಳಿವಳಿಕೆ. ಇದು ತಪ್ಪು. ಅನೇಕರು ಅದಕ್ಕೆ ಬಹಳ ಮುಂಚೆಯೇ, ಮೊದಲ ಕೆಲವು ನಿಮಿಷಗಳಲ್ಲಿ ಮುಳುಗಿ ಸಾಯುತ್ತಾರೆ. ಮುಂಬಯಿಯ ಕಡಲು ಚಳಿಗಾಲದಲ್ಲಿಯೂ 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುತ್ತದೆ. ಡಚ್ ಕರಾವಳಿಯ ನೀರು ಚಳಿಗಾಲದಲ್ಲಿ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ.

ಮೊದಲನೆಯದು ಶೀತಾಘಾತ. 15 ಡಿಗ್ರಿಗಿಂತ ತಣ್ಣಗಿರುವ ನೀರು ಚರ್ಮಕ್ಕೆ ಹಠಾತ್ತನೆ ತಗುಲಿದೊಡನೆ ಮನುಷ್ಯ ತನ್ನರಿವಿಲ್ಲದೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾನೆ, ಅನಂತರ ಏದುಸಿರು. ಆ ಕ್ಷಣ ತಲೆ ನೀರೊಳಗಿದ್ದರೆ ಗಾಳಿಯ ಬದಲು ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ನಾಡಿಬಡಿತ, ರಕ್ತದೊತ್ತಡಗಳು ಥಟ್ಟನೆ ಏರುತ್ತವೆ. ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ತೀವ್ರವಾಗಿದ್ದು, ಎರಡು ಮೂರು ನಿಮಿಷಗಳಲ್ಲಿ ತಗ್ಗುತ್ತದೆ.

ಎರಡನೆಯದು ಸ್ನಾಯುಗಳ ಸೋಲು. ಹತ್ತು ಹದಿನೈದು ನಿಮಿಷಗಳಲ್ಲಿ ಕೈಕಾಲುಗಳ ರಕ್ತನಾಳಗಳು ಸಂಕೋಚಗೊಂಡು ಬೆರಳುಗಳು ಮರಗಟ್ಟುತ್ತವೆ. ಬುದ್ಧಿ ಚುರುಕಾಗಿಯೇ ಇರುತ್ತದೆ. ತೋಳು ಮಾತ್ರ ಮಾತು ಕೇಳುವುದಿಲ್ಲ. ಒಳ್ಳೆಯ ಈಜುಗಾರ ಸೋಲುವುದು ಇಲ್ಲಿ.

ಮೂರನೆಯದು ದೇಹದ ಒಳಶಾಖ 35 ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿ. ವಯಸ್ಕರಲ್ಲಿ ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನೆಲ್ಲ 1-10-1 ಎಂಬ ಸುಲಭ ಸೂತ್ರದಲ್ಲಿ ಅಡಕಗೊಳಿಸಿದ್ದಾರೆ. ಹಿಮದಷ್ಟು ತಣ್ಣಗಿನ ನೀರಿಗೆ ಬಿದ್ದವನಿಗೆ ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಆಡಿಸಿ ಪಾರಾಗಲು 10 ನಿಮಿಷ, ಪ್ರಜ್ಞೆ ತಪ್ಪುವವರೆಗೆ 1 ಗಂಟೆ ಎಂದು ಇದರ ಅರ್ಥ.

ಹೀಗಾಗಿ ಮೊದಲ ನಿಮಿಷದಲ್ಲಿ ಮಾಡಬೇಕಾದುದು ಒಂದೇ: ಈಜದಿರುವುದು. ಅಂಗಾತ ತೇಲಿ, ಬಾಯಿ ಮೂಗುಗಳನ್ನು ನೀರಿನ ಮೇಲಿಟ್ಟು, ಉಸಿರು ಸ್ತಿಮಿತಕ್ಕೆ ಬರುವವರೆಗೆ ಕಾಯಬೇಕು. ಬ್ರಿಟನ್ನಿನ ಪೋರ್ಟ್ಸ್‌ಮೌತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಅವರ ಸಂಶೋಧನೆಗಳು ಈ ಸಲಹೆಗೆ ಬುನಾದಿಯಾಗಿವೆ. ಮೂರು ನಿಮಿಷಗಳ ಐದಾರು ತಣ್ಣೀರ ಮುಳುಗುಗಳ ಅಭ್ಯಾಸದಿಂದ ಈ ಆಘಾತವನ್ನು ಅರ್ಧದಷ್ಟು ತಗ್ಗಿಸಬಹುದೆಂದೂ ಅವರು ತೋರಿಸಿದ್ದಾರೆ.

ಉತ್ತರ ಸಮುದ್ರದಲ್ಲಿ ಇನ್ನೊಂದು ಕಷ್ಟವುಂಟು. ಹವಾಯಿಯ ತೀರಕ್ಕೆ ಸಾವಿರಾರು ಮೈಲಿ ದೂರದಿಂದ ಸಾಗಿಬರುವ ಅಲೆಗಳ ನಡುವೆ ಸಾಕಷ್ಟು ವಿರಾಮವಿರುತ್ತದೆ. ಇಲ್ಲಿನ ಅಲೆಗಳು ಹತ್ತಿರದ ಗಾಳಿಯಿಂದಲೇ ಎದ್ದವು. ಒಂದರ ಹಿಂದೆ ಒಂದರಂತೆ 5ರಿಂದ 8 ಸೆಕೆಂಡುಗಳಲ್ಲಿ ಬಂದುಬಿಡುತ್ತವೆ. ಬಿದ್ದವನಿಗೆ ಉಸಿರು ತಿರುಗಿಸಿಕೊಳ್ಳಲು ದೊರೆಯುವ ಅವಕಾಶ ಅಷ್ಟೇ.

ಒಂದು ದುರಂತದ ಪಾಠ

ನೈಪುಣ್ಯವೊಂದೇ ರಕ್ಷಣೆಯಲ್ಲ ಎಂಬುದಕ್ಕೆ ಅದೇ ದೇಶದ ಇನ್ನೊಂದು ಬಂದರು ಸಾಕ್ಷಿಯಾಗಿದೆ. 2020ರ ಮೇ 11ರ ಸಂಜೆ ಹೇಗ್ ನಗರದ ಸ್ಖೇವನಿಂಗನ್ ಬಂದರಿನ ಉತ್ತರದ ಗೋಡೆಯ ಬಳಿ ಐವರು ತರುಣರು ಪ್ರಾಣ ಕಳೆದುಕೊಂಡರು. ಅವರೆಲ್ಲ ಕಡಲನ್ನು ಬಲ್ಲವರೇ. ವಸಂತದಲ್ಲಿ ಅಲ್ಲಿನ ನೀರಿನಲ್ಲಿ ಫಿಯೋಸಿಸ್ಟಿಸ್ ಎಂಬ ಸೂಕ್ಷ್ಮ ಪಾಚಿ ವಿಪುಲವಾಗಿ ಬೆಳೆಯುತ್ತದೆ. ಅದು ಸತ್ತಾಗ ನೀರಿಗೆ ಸೇರುವ ಅಂಟಾದ ದ್ರವ್ಯವನ್ನು ಅಲೆಗಳು ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸುತ್ತವೆ. ಅಂದು ಉತ್ತರದಿಂದ ಬೀಸಿದ ಬಿರುಗಾಳಿ ಆ ನೊರೆಯನ್ನು ಗೋಡೆಯೂ ದಂಡೆಯೂ ಕೂಡುವ ಮೂಲೆಗೆ ತಳ್ಳಿ, ಆಳೆತ್ತರಕ್ಕೂ ಮೀರಿ ರಾಶಿ ಹಾಕಿತ್ತು. ನೊರೆಯಲ್ಲಿ ತೇಲಲಾಗದು, ದಿಕ್ಕು ಕಾಣದು, ಉಸಿರಾಡಲೂ ಆಗದು.

ಗಮನಿಸಬೇಕಾದ ಅಂಶವಿದು: ಒಂದು ಗಾಳಿಗೆ ಆಸರೆಯಾಗುವ ಗೋಡೆ ಇನ್ನೊಂದು ಗಾಳಿಗೆ ಬೋನಾಗುತ್ತದೆ. ಆದ್ದರಿಂದ ನೀರಿಗಿಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ನಾನು ಎಷ್ಟು ಬಲ್ಲೆ?” ಎಂಬುದಲ್ಲ, “ಇಂದು ಗಾಳಿ ಎತ್ತಣಿಂದ?” ಎಂಬುದು.

ಉಡುಪು ಮತ್ತು ಉಪಚಾರ

ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ವೆಟ್‌ಸೂಟ್ ಇಲ್ಲದೆ ಈ ಆಟವಿಲ್ಲ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಚಳಿಯನ್ನು ತಡೆಯುವುದು ಮುಖ್ಯವಾಗಿ ಆ ರಬ್ಬರಿನೊಳಗಿನ ಅನಿಲದ ಗುಳ್ಳೆಗಳು. ಬೇಸಗೆಗೆ 3 ಮಿಲಿಮೀಟರ್ ದಪ್ಪದ್ದು ಸಾಕಾದರೂ ಚಳಿಗಾಲಕ್ಕೆ 5 ಅಥವಾ 6 ಮಿಲಿಮೀಟರಿನ ಉಡುಪು, ತಲೆಗವಸು, ಕೈಗವಸು, ಪಾದರಕ್ಷೆ ಎಲ್ಲವೂ ಬೇಕು. ಉಡುಪು ಸಡಿಲವಾಗಿದ್ದರೆ ತಣ್ಣೀರು ಒಳಹೊಕ್ಕು ಪ್ರಯೋಜನವಿಲ್ಲದಂತಾಗುತ್ತದೆ. ಮೇ ತಿಂಗಳಲ್ಲಿ ವಿಶೇಷ ಎಚ್ಚರ ಬೇಕು. ಬಿಸಿಲು ಹಿತವಾಗಿದ್ದರೂ ನೀರು ಇನ್ನೂ ಚಳಿಗಾಲದ ನೆನಪಿನಲ್ಲೇ ಇರುತ್ತದೆ.

ಮೈ ನಡುಗತೊಡಗಿದೊಡನೆ ದಡ ಸೇರಬೇಕು. ಮಾತು ತೊದಲುವುದು, ಕಾಲು ತಡವರಿಸುವುದು, ನಡುಗುತ್ತಿದ್ದವನ ನಡುಕ ತಾನಾಗಿ ನಿಂತುಹೋಗುವುದು, ಇವು ಅಪಾಯದ ಚಿಹ್ನೆಗಳು. ದಡಕ್ಕೆ ಬಂದ ಮೇಲೂ ಕೆಲಹೊತ್ತು ಒಳಶಾಖ ಇಳಿಯುತ್ತಲೇ ಇರುತ್ತದೆಂಬುದನ್ನು ಮರೆಯಬಾರದು. ಗಾಳಿಯ ಮರೆಗೆ ಹೋಗಿ, ಒದ್ದೆ ಉಡುಪು ಕಳಚಿ, ಮೈಯೊರೆಸಿ, ಒಣಬಟ್ಟೆ, ಟೋಪಿ ತೊಟ್ಟು, ಸಕ್ಕರೆ ಹಾಕಿದ ಬೆಚ್ಚನೆಯ ಪಾನೀಯ ಕುಡಿಯಬೇಕು. ಕೂಡಲೇ ಸುಡುನೀರಿನ ಸ್ನಾನ, ಕೈಕಾಲು ತಿಕ್ಕುವುದು, ಮದ್ಯ, ಇವು ಮೂರೂ ವರ್ಜ್ಯ. ಅಪಾಯದ ಚಿಹ್ನೆ ಕಂಡವನನ್ನು ಮಲಗಿಸಿ, ತಡಮಾಡದೆ ವೈದ್ಯರ ನೆರವು ಕರೆಯಬೇಕು.

ಕೈಗಾರಿಕಾ ಬಂದರಿನ ನೀರಿನ ಬಗ್ಗೆಯೂ ಒಂದು ಮಾತು. ಭಾರೀ ಮಳೆಯ ನಂತರ ಚರಂಡಿಯ ನೀರು ಕಡಲಿಗೆ ಸೇರುವುದರಿಂದ ಒಂದೆರಡು ದಿನ ದೂರವಿರುವುದು ಲೇಸು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಕ್ಕೆ ಬಗ್ಗದ ಒಂದು ಬಗೆಯ ಕರುಳಿನ ರೋಗಾಣು ಇತರರಿಗಿಂತ ಅಲೆಯಾಟಗಾರರ ಹೊಟ್ಟೆಯಲ್ಲಿ ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತು. ಗಾಯವಿದ್ದಾಗ ನೀರಿಗಿಳಿಯಬಾರದು, ನೀರು ನುಂಗಬಾರದು. ವೈಕ್ ಆನ್ ಝೇಯಲ್ಲಿ ಬಿದ್ದ ಧೂಳಿನಲ್ಲಿ ಸೀಸ ಮೊದಲಾದ ವಸ್ತುಗಳ ಪ್ರಮಾಣ ಮಕ್ಕಳ ಆರೋಗ್ಯಕ್ಕೆ ತಕ್ಕುದಲ್ಲವೆಂದು ಅಲ್ಲಿನ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ 2021ರಲ್ಲಿ ವರದಿ ಮಾಡಿದೆ. ತಿನ್ನುವ ಮುನ್ನ ಕೈತೊಳೆಯುವುದು ಅಲ್ಲಿ ಬರಿಯ ಶಿಷ್ಟಾಚಾರವಲ್ಲ. ವರ್ಷಗಟ್ಟಲೆ ತಣ್ಣೀರು, ತಣ್ಣನೆಯ ಗಾಳಿ ಕಿವಿಗೆ ತಗುಲಿದರೆ ಕಿವಿನಾಳದೊಳಗೆ ಮೂಳೆ ಬೆಳೆದು ದಾರಿ ಕಿರಿದಾಗುತ್ತದೆ. ಕಿವಿಮುಚ್ಚಳ ಅಗ್ಗದ ಪರಿಹಾರ. ಹೃದ್ರೋಗ, ಅಧಿಕ ರಕ್ತದೊತ್ತಡ, ಮೂರ್ಛೆರೋಗ ಉಳ್ಳವರು ವೈದ್ಯರನ್ನು ಕೇಳದೆ ತಣ್ಣೀರಿಗೆ ಇಳಿಯಲೇಬಾರದು.

ನಮ್ಮ ಕಡಲಿನಲ್ಲಿ

ಇದೆಲ್ಲ ಪರದೇಶದ ಮಾತೆಂದು ಪುಟ ಮಗುಚಬೇಡಿ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿನ ಮಗ್ಗುಲಲ್ಲೇ ಪಣಂಬೂರು ಕಡಲತೀರವಿದೆ. 2023ರಲ್ಲಿ ರಾಷ್ಟ್ರಮಟ್ಟದ ಅಲೆಯಾಟದ ಸ್ಪರ್ಧೆ ಅಲ್ಲಿ ನಡೆಯಿತು. ನೆರೆಯ ತೀರದ ಹೆಸರು ತಣ್ಣೀರುಬಾವಿಯಾದರೂ ಕಡಲ ನೀರು ಬೆಚ್ಚಗೇ ಇದೆ, ಶೀತಾಘಾತದ ಭಯವಿಲ್ಲ. ಆದರೆ ಗೋಡೆಯ ಬದಿಯ ಸೆಳವಿಗೆ ದೇಶಭೇದವಿಲ್ಲ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ನೀರಿಗೆ ಬಿಡುವ ಮುನ್ನ ದಡದ ಜೀವರಕ್ಷಕರನ್ನು ಒಂದು ಮಾತು ಕೇಳುವುದರಿಂದ ನಷ್ಟವಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮಗನನ್ನು ತಡೆಯಬೇಕಾಗಿಲ್ಲ. ಅದು ದೇಹಕ್ಕೂ ಮನಸ್ಸಿಗೂ ಉಲ್ಲಾಸ ಕೊಡುವ ಆಟ. ಮನೆಯಿಂದ ದೂರವಿರುವ ಹುಡುಗನಿಗೆ ನಾಲ್ಕು ಜನ ಗೆಳೆಯರನ್ನೂ ಕೊಡುತ್ತದೆ. ಆದರೆ ಈಜು ಬಲ್ಲೆನೆಂಬ ಧೈರ್ಯ ಸಾಲದು. ಮುಂದಿನ ಸಲ ಫೋನು ಮಾಡಿದಾಗ “ಜೋಪಾನ” ಎಂದಷ್ಟೇ ಹೇಳಿ ಬಿಡದೆ ಮೂರು ಪ್ರಶ್ನೆ ಕೇಳಲಿ: “ಜೊತೆಗೆ ಯಾರಿದ್ದಾರಪ್ಪ? ಗಾಳಿ ಯಾವ ಕಡೆಯದು? ಬಿದ್ದರೆ ಮೊದಲ ನಿಮಿಷ ಏನು ಮಾಡುತ್ತೀ?” ಮೂರನೆಯದಕ್ಕೆ ಅವನು “ಸುಮ್ಮನೆ ತೇಲುತ್ತೇನೆ, ಅಮ್ಮಾ” ಎಂದರೆ ಆಕೆ ಅಂದು ರಾತ್ರಿ ನೆಮ್ಮದಿಯಿಂದ ಮಲಗಬಹುದು.